ಕಾರವಾರದ ಕಾಯಿ ಕಪ್ ಕೇಕ್ ನಿಲ್ಲುತ್ತದಂತೆ, ಯಾರಿಗೆಲ್ಲ ನೆನಪಿದೆ?

ಕೋಡಿಬಾಗದವಳು

ವಿಷಯ ಕೇಳಿದಿರಾ? ಕಾರವಾರ ಪೇಟೆಯ ಆ ಹಳೇ ಬೇಕರಿಯಲ್ಲಿ ಕಾಯಿ ಹಾಕಿದ ಕಪ್ ಕೇಕ್ ಬರುವ ತಿಂಗಳಿಂದ ಮಾಡುವುದಿಲ್ಲವಂತೆ. ನಿನ್ನೆ ಪಾವ್ ತರಲು ಹೋಗಿದ್ದೆ. ಗಾಜಿನ ಬರಣಿ ಅರ್ಧ ಖಾಲಿ ಇತ್ತು. ಕೇಳಿದ್ದಕ್ಕೆ ಗಲ್ಲಾದ ಮೇಲೆ ಕೂತಿದ್ದ ಯಜಮಾನರು "ಸಾಕಾಯ್ತು ಬಾಯಿ, ಇನ್ನು ಆಗೋದಿಲ್ಲ" ಅಂದರು. ಬೇಕರಿ ಹೆಸರು ಇಲ್ಲಿ ಹಾಕುವುದಿಲ್ಲ, ಅವರಿಗೆ ಅದು ಇಷ್ಟವಿಲ್ಲ. ತಿಂದವರಿಗೆ ಹೆಸರು ಹೇಳುವುದೂ ಬೇಡ.

ತಿನ್ನದವರಿಗೆ ಹೇಳುತ್ತೇನೆ. ಅಂಗೈ ತುಂಬುವಷ್ಟು ಚಿಕ್ಕ ಕೇಕ್. ಅಂಚು ನೆರಿಗೆ ನೆರಿಗೆ ಇರುವ ತೆಳು ಬಿಳಿ ಕಾಗದದಲ್ಲಿ ಕೂತಿರುತ್ತದೆ. ಮೇಲೆ ಅರ್ಧ ಗೋಡಂಬಿ. ಒಳಗೆ ತುರಿದ ತೆಂಗಿನಕಾಯಿ, ಒಂಚೂರು ಏಲಕ್ಕಿ. ಮೇಲ್ಭಾಗ ಕಂದು, ಸ್ವಲ್ಪ ಬಿರುಕು ಬಿಟ್ಟಿರುತ್ತದೆ. ಕಾಗದ ಬಿಡಿಸಿದರೆ ಒಂದು ಪದರ ಕೇಕ್ ಕಾಗದಕ್ಕೇ ಅಂಟಿಕೊಂಡಿರುತ್ತದೆ. ಅದನ್ನು ಹಲ್ಲಿನಿಂದ ಕೆರೆದು ತಿನ್ನದೆ ಕಾಗದ ಎಸೆದವರನ್ನು ನಾನು ಈವರೆಗೆ ನೋಡಿಲ್ಲ.

ಏನಾದರೂ ಮಾಡಬಹುದಾ? ಇಲ್ಲ, ಸುಮ್ನೆ ನೆನಪು ಹಂಚಿಕೊಳ್ಳೋಣ ಅಂದರೂ ಸರಿ.

ಶಿರಸಿ ಮಾಣಿ

ಅಯ್ಯೋ! ಅದಾ? ನಮ್ಮ ಮಾವ ಕಾರವಾರದಲ್ಲಿ ನೌಕರಿಯಲ್ಲಿದ್ದರು. ಪ್ರತಿ ಸಲ ಘಟ್ಟ ಹತ್ತಿ ಬರುವಾಗ ಒಂದು ಡಜನ್ ತರುತ್ತಿದ್ದರು. ನ್ಯೂಸ್ ಪೇಪರಿನ ಪೊಟ್ಟಣ, ಮೇಲೆ ಸಣಬಿನ ದಾರ. ಮನೆ ಮುಟ್ಟುವಷ್ಟರಲ್ಲಿ ಪೇಪರಿಗೆ ಎಣ್ಣೆ ಹತ್ತಿ ಹಿಂದಿನ ಪುಟದ ಅಕ್ಷರವೂ ಕಾಣುತ್ತಿತ್ತು.

ಅಜ್ಜಿ ಮಾತ್ರ ಹತ್ತಿರ ಬಿಡುತ್ತಿರಲಿಲ್ಲ. "ಇದ್ರಲ್ಲಿ ಮೊಟ್ಟೆ ಇದ್ದಾ?" ಅಂತ ಮಾವನನ್ನು ಕೇಳುವುದು. ಮಾವ "ಇಲ್ಲೆ, ಬರೀ ಹಾಲು" ಅನ್ನುವುದು. ಅಜ್ಜಿ ನಂಬಿದ ಹಾಗೆ ಮಾಡುವುದು. ನಾವು ಮೆತ್ತಿನ ಮೇಲೆ ಕೂತು ತಿನ್ನುವುದು. ಇದು ವರ್ಷಗಟ್ಟಲೆ ನಡೆಯಿತು. ಯಾರಿಗೂ ನಿಜ ತಿಳಿಯುವ ಆತುರ ಇರಲಿಲ್ಲ.

ಅಂಕೋಲೆಯವ

ಮೊಟ್ಟೆ ಇತ್ತು ಮಾರಾಯ. ಬೇಕಾದಷ್ಟು ಇತ್ತು.

ಶಿರಸಿ ಮಾಣಿ

ಗೊತ್ತು ಮಾರಾಯ. ಅಜ್ಜಿಗೂ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಸದಾಶಿವಗಡ ಸಂಜೆ

ನಾನು ನಿಮ್ಮೆಲ್ಲರಿಗಿಂತ ಹಿರಿಯ ಇರಬೇಕು. ಕಾಳಿ ನದಿಗೆ ಸೇತುವೆ ಆಗುವ ಮೊದಲಿನ ಮಾತು ಹೇಳುತ್ತೇನೆ. ಆಗ ಸದಾಶಿವಗಡದಿಂದ ಕೋಡಿಬಾಗಕ್ಕೆ ನೀರು ದಾಟಿಯೇ ಬರಬೇಕಿತ್ತು. ಅಪ್ಪ ಪೇಟೆ ಕೆಲಸ ಮುಗಿಸಿ ವಾಪಸ್ ದೋಣಿ ಹತ್ತುವಾಗ ಕೈಯಲ್ಲಿ ಎರಡು ಪೊಟ್ಟಣ ಇರುತ್ತಿದ್ದವು. ಒಂದರಲ್ಲಿ ಪಾವ್, ಒಂದರಲ್ಲಿ ಈ ಕೇಕ್. ಮಳೆಗಾಲದಲ್ಲಿ ಪೊಟ್ಟಣ ಅಂಗಿಯ ಒಳಗೆ. ಕೇಕ್ ಜಜ್ಜಿ ಹೋಗಿರುತ್ತಿತ್ತು, ಆದರೆ ಬೆಚ್ಚಗಿರುತ್ತಿತ್ತು.

2024ರ ಆಗಸ್ಟ್ 6-7ರ ನಡುರಾತ್ರಿ ಹಳೇ ಸೇತುವೆ ಕುಸಿಯಿತಲ್ಲ, ಲಾರಿ ಸಮೇತ. ಚಾಲಕ ಬದುಕಿದ, ಪುಣ್ಯ. ಅದಾದ ಮೇಲೆ ಹೋಗುವ ಬರುವ ವಾಹನ ಎಲ್ಲ ಒಂದೇ ಸೇತುವೆ ಮೇಲೆ. ಸುಮ್ನೆ ಪೇಟೆಗೆ ಹೋಗಿ ಬರೋಣ ಅನ್ನುವುದು ನಮ್ಮ ದಂಡೆಯಲ್ಲಿ ಕಡಿಮೆ ಆಯಿತು. ಬೇಕರಿ ವ್ಯಾಪಾರಕ್ಕೂ ಸ್ವಲ್ಪ ಪೆಟ್ಟು ಬಿದ್ದಿರಬೇಕು. ಇದು ನನ್ನ ಊಹೆ ಮಾತ್ರ.

ಶಿಕಾಗೋ ಹೊನ್ನಾವರ

ಇಲ್ಲಿ ಅಮೆರಿಕದಲ್ಲಿ ಹೀಗೇ ಒಂದು ಕಥೆ ಆಗಿದೆ. ಟ್ವಿಂಕಿ ಅಂತ ಒಂದು ಕೇಕ್. ಉದ್ದಕ್ಕೆ, ಹಳದಿ, ಒಳಗೆ ಕ್ರೀಮ್. 1930ರಲ್ಲಿ ಇದೇ ಶಿಕಾಗೋ ಹತ್ತಿರ ಹುಟ್ಟಿದ್ದು. ಮೊದಲು ಒಳಗಿನ ಕ್ರೀಮ್ ಬಾಳೆಹಣ್ಣಿನದಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಬಾಳೆಹಣ್ಣು ಸಿಗದೆ ವೆನಿಲಾ ಮಾಡಿದರು, ಅದೇ ಉಳಿಯಿತು.

2012ರ ನವೆಂಬರ್‌ನಲ್ಲಿ ಅದನ್ನು ಮಾಡುತ್ತಿದ್ದ ಹೋಸ್ಟೆಸ್ ಕಂಪನಿ ಬಾಗಿಲು ಹಾಕಿತು. ಸಾಲ ಇತ್ತು, ಕೆಲಸಗಾರರ ಮುಷ್ಕರ ಇತ್ತು. ಸುದ್ದಿ ಬಂದಿದ್ದೇ ತಡ, ಜನ ಅಂಗಡಿಗೆ ನುಗ್ಗಿ ಕಪಾಟು ಖಾಲಿ ಮಾಡಿದರು. ಒಂದೊಂದು ಡಬ್ಬಿಯನ್ನು ಆನ್‌ಲೈನಿನಲ್ಲಿ ಹುಚ್ಚು ಬೆಲೆಗೆ ಮಾರಿದರು. ವರ್ಷಗಳಿಂದ ಮುಟ್ಟದವರೂ ಕೊಂಡರು. ಆಮೇಲೆ ಬೇರೆಯವರು ಬ್ರ್ಯಾಂಡ್ ಕೊಂಡುಕೊಂಡು 2013ರ ಜುಲೈ 15ಕ್ಕೆ ಮತ್ತೆ ಮಾರುಕಟ್ಟೆಗೆ ತಂದರು.

ಅಂದರೆ ಜನ ಗಲಾಟೆ ಮಾಡಿದರೆ ವಾಪಸ್ ಬರುತ್ತದೆ. ನಾವೂ ಒಂದು ಅಭಿಯಾನ ಮಾಡೋಣ.

ಅಂಕೋಲೆಯವ

ಶಿಕಾಗೋ ಸಾಹೇಬರೇ, ಅಲ್ಲಿ ಬ್ರ್ಯಾಂಡ್ ಇತ್ತು, ಕೊಳ್ಳುವವರಿದ್ದರು. ಇಲ್ಲಿ ಇರುವುದು ಒಂದು ಭಟ್ಟಿ, ಇಬ್ಬರು ಮೂವರು ಕೆಲಸದವರು, ಮಂಡಿ ನೋವಿನ ಒಬ್ಬ ಯಜಮಾನ. ಪಾರ್ಲೆಯವರ ರೋಲಾ ಕೋಲಾ ಮಿಠಾಯಿ ನೆನಪಿದೆಯಾ? 2019ರಲ್ಲಿ 10,000 ರೀಟ್ವೀಟ್ ಆದರೆ ವಾಪಸ್ ತರುತ್ತೇವೆ ಅಂದರು, ಆಯಿತು, ತಂದರು. ಅವರಿಗೆ ಕಾರ್ಖಾನೆ ಇದೆ, ಯಂತ್ರಕ್ಕೆ ಇನ್ನೊಂದು ಅಚ್ಚು ಹಾಕಿದರಾಯಿತು. ಇವರಿಗೆ ಹತ್ತು ಸಾವಿರ ಲೈಕ್ ಕೊಟ್ಟರೆ ಬೆಳಿಗ್ಗೆ ಮೂರು ಗಂಟೆಗೆ ಎದ್ದು ಬೆಂಕಿ ಹಾಕುವವರು ಯಾರು?

ಇನ್ನೊಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಚರ್ಚೆಯಲ್ಲಿ ಇರುವವರಲ್ಲಿ ಕಳೆದ ವರ್ಷ ಆ ಕೇಕ್ ಕೊಂಡವರು ಎಷ್ಟು ಜನ? ಕೋಡಿಬಾಗದ ಅಕ್ಕ ಬಿಟ್ಟು.

ಶಿರಸಿ ಮಾಣಿ

ಇದಕ್ಕೆ ಉತ್ತರ ಕೊಡುವವರು ಯಾರೂ ಇಲ್ಲ ಅನ್ನಿಸುತ್ತದೆ.

ಲೇಬಲ್ ಓದುವವಳು

ನಾನು ಆಹಾರ ತಂತ್ರಜ್ಞಾನ ಓದಿದವಳು, ಊರು ಕುಮಟಾ. ನೆನಪಿಗೆ ಸ್ವಲ್ಪ ತಣ್ಣೀರು ಹಾಕುತ್ತೇನೆ, ಕ್ಷಮಿಸಿ.

ನಮ್ಮ ಚಿಕ್ಕಂದಿನ ಬೇಕರಿ ಕೇಕಿಗೆ ಆ ವಾಸನೆ, ಆ ಹುಡಿಹುಡಿ ಗುಣ ಬರುತ್ತಿದ್ದುದು ಬಹಳ ಕಡೆ ಡಾಲ್ಡಾದಿಂದ. ಬೆಣ್ಣೆ ಹಾಕಿ ಆ ಬೆಲೆಗೆ ಕೊಡಲು ಆಗುವುದಿಲ್ಲ. ಡಾಲ್ಡಾದಲ್ಲಿ ಟ್ರಾನ್ಸ್ ಕೊಬ್ಬು ಜಾಸ್ತಿ ಇರುತ್ತಿತ್ತು. ಅದು ಹೃದಯಕ್ಕೆ ಒಳ್ಳೆಯದಲ್ಲ ಅಂತ ಸರ್ಕಾರ ಮಿತಿ ಬಿಗಿ ಮಾಡುತ್ತಾ ಬಂತು. ಎಣ್ಣೆ, ಕೊಬ್ಬುಗಳಲ್ಲಿ 2021ರ ಜನವರಿಯಿಂದ 3%, 2022ರ ಜನವರಿಯಿಂದ 2% ದಾಟುವಂತಿಲ್ಲ. ಹಾಗಾಗಿ ಈಗಿನ ವನಸ್ಪತಿ, ಮಾರ್ಗರೀನ್ ಹಳೆಯದರ ಹಾಗೆ ಇಲ್ಲ. "ಮೊದಲಿನ ರುಚಿ ಈಗಿಲ್ಲ" ಅಂತ ಬೇಕರಿಯವರನ್ನು ಬೈಯುವವರು ಇದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ರುಚಿ ಬದಲಾಗಿದ್ದು ಒಳ್ಳೆಯದೇ ಆಯಿತು.

ಇನ್ನು ಬಣ್ಣ. 2024ರ ಅಕ್ಟೋಬರ್‌ನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿಗಳ ಪರೀಕ್ಷೆಯ ಫಲಿತಾಂಶ ಹೇಳಿತು. 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿ ಸಿಕ್ಕಿತು. ಹೆಚ್ಚಾಗಿ ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ತರದವು. ಆದರೆ ಟಿವಿ ನೋಡಿದವರಿಗೆ ಕೇಕ್ ಅಂದರೆ ಎಲ್ಲ ಒಂದೇ. ಬಣ್ಣ ಹಾಕದ ಕಪ್ ಕೇಕ್ ಮೇಲೂ ಅನುಮಾನ ಬಂತು. ಪಾಪದವನಿಗೇ ಪೆಟ್ಟು ಜಾಸ್ತಿ ಅಲ್ವಾ?

ಭಟ್ಕಳ ಚಾ

ಕಾರವಾರದ್ದು ಬಣ್ಣ ಇರಲಿಲ್ಲ. ಮೊಟ್ಟೆಯ ಹಳದಿ ಅಷ್ಟೇ. ನಾನು ಗ್ಯಾರಂಟಿ ಕೊಡುತ್ತೇನೆ.

ಲೇಬಲ್ ಓದುವವಳು

ಆಯಿತು ಭಾಯ್, ನಿಮ್ಮ ಗ್ಯಾರಂಟಿ ಸಾಕು.

ಭಟ್ಟಿ ಮನೆ

ಎರಡು ದಿನದಿಂದ ಓದುತ್ತಿದ್ದೆ, ಈಗ ಬರೆಯುತ್ತಿದ್ದೇನೆ. ನಮ್ಮ ಅಜ್ಜನ ಕಾಲದಿಂದ ಬೇಕರಿ ಇತ್ತು. ಕಾರವಾರದ್ದಲ್ಲ, ಇನ್ನೂ ತೆಂಕಿಗೆ. ಈಗ ಇಲ್ಲ. ಆದರೆ ಈ ಕೇಕ್ ಯಾಕೆ ನಿಲ್ಲುತ್ತದೆ ಅನ್ನುವುದು ಭಟ್ಟಿ ಮುಂದೆ ನಿಂತವರಿಗೆ ಬೇಗ ಅರ್ಥ ಆಗುತ್ತದೆ.

ಸೌದೆ ಭಟ್ಟಿ ಅಂದರೆ ಇಟ್ಟಿಗೆ, ಮಣ್ಣಿನ ಗುಮ್ಮಟ. ರಾತ್ರಿ ಅದರ ಹೊಟ್ಟೆಯೊಳಗೇ ಕಟ್ಟಿಗೆ ಉರಿಸುತ್ತಾರೆ. ನಮ್ಮಲ್ಲಿ ಗಾಳಿ ಮರ, ಅಕೇಶಿಯಾ, ಸಿಕ್ಕರೆ ಗೇರು. ಗೋಡೆ ಎಲ್ಲ ಕಾದ ಮೇಲೆ ಕೆಂಡ ಎಳೆದು, ಒದ್ದೆ ಗೋಣಿಯಿಂದ ನೆಲ ಒರೆಸುತ್ತಾರೆ. ನಂತರ ಬಾಗಿಲಲ್ಲಿ ನಿಂತು ಒಂದು ಚಿಟಿಕೆ ಮೈದಾ ಒಳಗೆ ಎಸೆಯುವುದು. ಕೂಡಲೇ ಕಪ್ಪಾದರೆ ಇನ್ನೂ ಕಾಯಬೇಕು. ನಿಧಾನಕ್ಕೆ ಕಂದಾದರೆ ಪಾವ್ ಒಳಗೆ ಹೋಗಬಹುದು. ಥರ್ಮಾಮೀಟರ್ ಇಲ್ಲ, ಗಡಿಯಾರವನ್ನೂ ಯಾರೂ ನೋಡುವುದಿಲ್ಲ. ಅಜ್ಜ ಕೈ ಒಳಗೆ ಚಾಚಿ ಮನಸ್ಸಿನಲ್ಲೇ ಎಣಿಸುತ್ತಿದ್ದರು. ಎಷ್ಟು ಎಣಿಸುತ್ತಿದ್ದರು ಅಂತ ಯಾರಿಗೂ ಹೇಳಿಕೊಡಲಿಲ್ಲ.

ಮೊದಲು ಪಾವ್. ಅದಕ್ಕೆ ಜೋರು ಶಾಖ ಬೇಕು. ನಾಲ್ಕಾರು ಸರತಿ ಪಾವ್ ಹೊರಗೆ ಬರುವಷ್ಟರಲ್ಲಿ ಭಟ್ಟಿ ಸ್ವಲ್ಪ ಇಳಿದಿರುತ್ತದೆ. ಕಪ್ ಕೇಕಿಗೆ ಬೇಕಾದ ಶಾಖ ಅದೇ, 170-180 ಡಿಗ್ರಿ ಅಂತ ಈಗಿನ ಲೆಕ್ಕ. ಕೇಕ್ ಆದ ಮೇಲೆ ಇನ್ನೂ ಇಳಿಯುತ್ತದೆ, ಆಗ ನಾನ್‌ಖಟಾಯಿ, ಬಿಸ್ಕತ್ತು. ಕೊನೆಗೆ ಉಳಿದ ಬಿಸಿಯಲ್ಲಿ ಹಿಂದಿನ ದಿನದ ಬ್ರೆಡ್ ತುಂಡು ಜೋಡಿಸಿ ಬಾಗಿಲು ಮುಚ್ಚಿದರೆ, ಅದು ಒಣಗಿ ಟೋಸ್ಟ್ ಆಗುತ್ತದೆ. ಒಂದೇ ಬೆಂಕಿಯಲ್ಲಿ ನಾಲ್ಕು ಕೆಲಸ.

ಲೆಕ್ಕ ಇರುವುದು ಇಲ್ಲಿ. ಕಟ್ಟಿಗೆ ಖರ್ಚು ಪೂರ್ತಿ ಪಾವಿನ ಮೇಲೆ ಬರೆಯುವುದು. ಕೇಕಿಗೆ ಬೆಂಕಿ ಬಿಟ್ಟಿ. ಅದಕ್ಕೇ ನೀವು ಚಿಕ್ಕವರಿದ್ದಾಗ ಒಂದು ರೂಪಾಯಿಗೆ ಕೇಕ್ ಸಿಕ್ಕಿದ್ದು. ಪಾವ್ ವ್ಯಾಪಾರ ಕಡಿಮೆ ಆದ ದಿನದಿಂದ ಕೇಕಿಗೆ ಬಿಟ್ಟಿ ಬೆಂಕಿ ಇಲ್ಲ. ಬರೀ ಕೇಕಿಗಾಗಿ ಭಟ್ಟಿ ಉರಿಸಿದರೆ ಒಂದೊಂದರ ಬೆಲೆ ಹೇಳಿದಾಗ ನೀವೇ "ಅಷ್ಟಾ?" ಅಂತೀರಿ. ಕರೆಂಟ್ ಓವನ್ ಹಾಕಿದವರು ದೊಡ್ಡ ಬರ್ತ್‌ಡೇ ಕೇಕ್ ಮಾಡುತ್ತಾರೆ, ಲಾಭ ಅದರಲ್ಲಿ ಇದೆ. ಹತ್ತು ರೂಪಾಯಿಯ ಕಪ್ ಕೇಕಿಗೆ ಕಾಗದ ಜೋಡಿಸಿ, ಹಿಟ್ಟು ಹೊಯ್ದು, ಗೋಡಂಬಿ ಒಂದೊಂದೇ ಹೆಬ್ಬೆರಳಿನಿಂದ ಒತ್ತುವವರು ಯಾರು?

ಹಾಗಾಗಿ ಕೇಕ್ ತಿನ್ನುವವರು ಕಡಿಮೆ ಆದರು ಅನ್ನುವುದು ಅರ್ಧ ಸತ್ಯ. ನೀವು ಪಾವ್ ತಿನ್ನುವುದು ಬಿಟ್ಟಿರಿ, ಕೇಕ್ ನಿಂತಿತು.

ಕೋಡಿಬಾಗದವಳು

ಇದು ನನಗೆ ಹೊಳೆದೇ ಇರಲಿಲ್ಲ. ಯಜಮಾನರು ಅಂದಿದ್ದೂ ಇದೇ ಇರಬೇಕು. "ಪಾವ್ ಅರ್ಧ ಆಯ್ತು" ಅಂತ ಗೊಣಗುತ್ತಿದ್ದರು. ನಾನು ಕೇಕ್ ಬಗ್ಗೆ ಕೇಳಿದರೆ ಇವರು ಪಾವ್ ಬಗ್ಗೆ ಯಾಕೆ ಹೇಳುತ್ತಾರೆ ಅಂದುಕೊಂಡಿದ್ದೆ.

ಸದಾಶಿವಗಡ ಸಂಜೆ

ಭಟ್ಟಿ ಮನೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕಾರವಾರದಲ್ಲಿ ಬೆಳಿಗ್ಗೆ, ಸಂಜೆ ಪಾವಿನವನು ಸೈಕಲ್ ಮೇಲೆ ಬರುವುದು ಗೋವಾ ಕಡೆಯ ರೂಢಿ. ಅಲ್ಲಿ ಬೇಕರಿಯವರನ್ನು ಪೊದೇರ್ ಅನ್ನುತ್ತಾರೆ. ಹಿಂದೆ ಹಿಟ್ಟು ಉಬ್ಬಿಸಲು ಈಸ್ಟ್ ಬದಲು ತೆಂಗಿನ ಕಳ್ಳು ಹಾಕುತ್ತಿದ್ದರು. ಮಾಜಾಳಿ ದಾಟಿದರೆ ಪೋಳೆಂ, ಅಲ್ಲಿಂದಾಚೆ ಗೋವಾ. 1961ರವರೆಗೆ ಅದು ಪೋರ್ಚುಗೀಸರ ಕೈಯಲ್ಲಿತ್ತು. ಗಡಿಯಲ್ಲಿ ಪೊಲೀಸರು ಇದ್ದರೂ ಪಾವ್ ತಿನ್ನುವ ಚಾಳಿ ಈಚೆಗೆ ಬಂದೇ ಬಂತು.

ಪಾವಿನವನ ದಾರಿ ಹೇಗೆ ಕಡಿಮೆ ಆಯಿತು ಅಂದರೆ, ಮೊದಲು ಅರ್ಗಾ, ಬಿಣಗಾ ಕಡೆ. ಸೀಬರ್ಡ್ ನೌಕಾನೆಲೆಗೆ ಭೂಮಿ ಹೋಯಿತು. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು. ಮನೆಗಳು ಎದ್ದು ಬೇರೆ ಬೇರೆ ಕಡೆ ಹೋದವು. ಆ ಮೇಲೆ ಹೆದ್ದಾರಿ ಅಗಲ ಮಾಡಿದರು, ರಸ್ತೆ ಬದಿಯ ಚಹಾ ಅಂಗಡಿ ಎಷ್ಟೋ ಹೋದವು. ಪಾವ್ ಭಾಜಿ ತಿನ್ನುವ ಜಾಗವೇ ಅದಾಗಿತ್ತು. ಚತುಷ್ಪಥದಲ್ಲಿ ಸೈಕಲ್ ಹೊಡೆದುಕೊಂಡು ಪೋಂ ಪೋಂ ಅಂತ ಹೋಗುವ ಧೈರ್ಯ ಯಾರಿಗಿದೆ?

ಶಿಕಾಗೋ ಹೊನ್ನಾವರ

ಸರ್, ನಿಮ್ಮ ಈ ಎರಡು ಪ್ಯಾರಾಕ್ಕಾಗಿಯೇ ಈ ಚರ್ಚೆ ಓದಬಹುದು.

ಅಂಕೋಲೆಯವ

ಶಿರಸಿಯವರಿಗೆ ಇದು ಅರ್ಥ ಆಗುವುದು ಕಷ್ಟ. ಅಲ್ಲಿ ಬೇಕರಿ ಅಂದರೆ ಅಯ್ಯಂಗಾರ್ ಬೇಕರಿ. ಹಾಸನದ ಕಡೆಯವರು, ಬೆಂಗಳೂರಿನಿಂದ ಎಲ್ಲ ಊರಿಗೆ ಹಬ್ಬಿದರು. ಹನಿ ಕೇಕ್, ದಿಲ್‌ಪಸಂದ್, ಖಾರಾ ಬನ್. ಪಾವ್ ಅಲ್ಲಿ ಮುಖ್ಯ ಅಲ್ಲ.

ಶಿರಸಿ ಮಾಣಿ

ಹನಿ ಕೇಕಿಗೆ ಏನಾದರೂ ಅಂದರೆ ನೋಡು. ಮೇಲೆ ಕೆಂಪು ಜಾಮ್, ಅದರ ಮೇಲೆ ಕೊಬ್ಬರಿ ತುರಿ, ಕೆಳಗೆ ಸಕ್ಕರೆ ಪಾಕ ಕುಡಿದ ಕೇಕ್. ಮಾರಿಕಾಂಬಾ ಜಾತ್ರೆಗೆ ಹೋದರೆ ನಾಟಕಕ್ಕಿಂತ ಮೊದಲು ಅದು. ಜಾತ್ರೆ ಎರಡು ವರ್ಷಕ್ಕೊಮ್ಮೆ, ಹನಿ ಕೇಕ್ ವಾರಕ್ಕೊಮ್ಮೆ. ಆದರೂ ಕಾರವಾರದ ಕಪ್ ಕೇಕ್ ಬೇರೆಯೇ. ಅದಕ್ಕೆ ಹೊಗೆಯ ಒಂದು ಎಳೆ ಇರುತ್ತಿತ್ತು. ಈಗ ಯಾಕೆ ಅಂತ ತಿಳಿಯಿತು.

ಭಟ್ಕಳ ಚಾ

ತೆರಿಗೆ ಕಾರಣ ಇರಬಹುದಾ? ಕಳೆದ ವರ್ಷ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿ, ಬೇಕರಿಗಳಿಗೆಲ್ಲ ನೋಟಿಸ್ ಬಂದಿತ್ತಲ್ಲ. ನಮ್ಮ ಕಡೆ ಎಷ್ಟೋ ಜನ ಕ್ಯೂಆರ್ ಕೋಡ್ ಕಿತ್ತು "ನಗದು ಮಾತ್ರ" ಅಂತ ಬೋರ್ಡ್ ಹಾಕಿದ್ದರು.

ಲೇಬಲ್ ಓದುವವಳು

2025ರ ಜುಲೈ, ಹೌದು. ಆದರೆ ಅದು ಈ ಕೇಕಿನ ಕಾರಣ ಅನ್ನಿಸುವುದಿಲ್ಲ. ಬ್ರೆಡ್ಡಿಗೆ ಜಿಎಸ್‌ಟಿ ಇಲ್ಲ. ಕೇಕಿಗೆ 18% ಇತ್ತು, 2025ರ ಸೆಪ್ಟೆಂಬರ್ 22ರಿಂದ 5% ಆಗಿದೆ. ಅಂದರೆ ತೆರಿಗೆ ಇಳಿದ ಮೇಲೆ ಇವರು ನಿಲ್ಲಿಸುತ್ತಿರುವುದು. ಸೌದೆ ಭಟ್ಟಿ ನಿಷೇಧ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿರುವುದು ಮುಂಬೈಯದ್ದು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಅಲ್ಲಿನ ಬೇಕರಿಗಳಿಗೆ ಕಟ್ಟಿಗೆ, ಕಲ್ಲಿದ್ದಲು ಬಿಡಲು ಆರು ತಿಂಗಳು ಕೊಟ್ಟಿತು, ಅಲ್ಲಿನ ಹೊಗೆ ಸಮಸ್ಯೆಗೆ. ಕಾರವಾರಕ್ಕೂ ಅದಕ್ಕೂ ಸಂಬಂಧ ಇಲ್ಲ. ದಯವಿಟ್ಟು ಅದನ್ನು ಇಲ್ಲಿ ಹಾಕಬೇಡಿ.

ಸ್ಪರ್ಧೆ ನಿಜವಾಗಿ ಕಾರ್ಖಾನೆ ಪ್ಯಾಕೆಟ್ ಕೇಕಿನ ಜೊತೆ. ಅದರ ಹಿಂದೆ ಓದಿ: ಗ್ಲಿಸರಾಲ್, ಸಾರ್ಬಿಟಾಲ್, ಸಾರ್ಬಿಕ್ ಆಮ್ಲ. ಮೊದಲೆರಡು ತೇವ ಹಿಡಿದಿಡಲು, ಕೊನೆಯದು ಬೂಷ್ಟು ತಡೆಯಲು. ಅದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಮಿತಿಯೊಳಗೆ ಹಾಕಲು ಅನುಮತಿ ಇದೆ. ಆದರೆ ಪ್ಯಾಕೆಟ್ ಕೇಕ್ ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರುತ್ತದೆ. ಹಸಿ ಕಾಯಿ ಹಾಕಿದ ಕೇಕ್ ನಮ್ಮ ಜೂನ್ ಜುಲೈ ಮಳೆಯಲ್ಲಿ ಮೂರನೇ ದಿನಕ್ಕೆ ಹಳಸಿದ ವಾಸನೆ. ಕಿರಾಣಿ ಅಂಗಡಿಯವರು ಯಾವುದನ್ನು ಇಡುತ್ತಾರೆ, ನೀವೇ ಹೇಳಿ.

ಕುಮಟಾ ಮಾಮಿ

ಎಲ್ಲರೂ ಬೇಕರಿ ಬೇಕರಿ ಅಂತೀರಿ. ನಮ್ಮ ಮನೆಯಲ್ಲಿ ತವಸಳಿ ಮಾಡುತ್ತಿದ್ದರಲ್ಲ, ಅದು ಕೇಕ್ ಅಲ್ವಾ? ಬಲಿತ ಸೌತೆಕಾಯಿ ತುರಿದು, ಅಕ್ಕಿ ರವೆ, ಬೆಲ್ಲ, ಕಾಯಿ, ಏಲಕ್ಕಿ. ದಪ್ಪ ತಳದ ಪಾತ್ರೆಗೆ ಹಾಕಿ, ಕೆಳಗೆ ಸಣ್ಣ ಬೆಂಕಿ, ಮುಚ್ಚಳದ ಮೇಲೆ ಕೆಂಡ. ಮೇಲೂ ಕೆಳಗೂ ಶಾಖ. ಓವನ್ ಅಂದರೆ ಅಷ್ಟೇ. ಗೋವಾದವರು ಧೋಂಡಸ್ ಅನ್ನುತ್ತಾರೆ. ಮೊಟ್ಟೆ ಇಲ್ಲ, ಡಾಲ್ಡಾ ಇಲ್ಲ, ಶಿರಸಿ ಅಜ್ಜಿಯೂ ತಿನ್ನಬಹುದು.

ಶಿರಸಿ ಮಾಣಿ

ಮಾಮಿ, ನೀವು ಇದ್ದಿದ್ದರೆ ನಮ್ಮ ಮಾವ ಅಷ್ಟು ವರ್ಷ ಸುಳ್ಳು ಹೇಳಬೇಕಿರಲಿಲ್ಲ.

ಭಟ್ಕಳ ಚಾ

ತವಸಳಿಗೆ ಚಾ ಚೆನ್ನಾಗಿ ಹೊಂದುವುದಿಲ್ಲ. ಕಪ್ ಕೇಕ್ ಚಾದಲ್ಲಿ ಅದ್ದಬಹುದು. ನನ್ನ ಮಾತು ಇಷ್ಟೇ.

ಕುಮಟಾ ಮಾಮಿ

ಅದ್ದಿ ತಿನ್ನುವುದಕ್ಕೆ ಟೋಸ್ಟ್ ಇದೆಯಲ್ಲಪ್ಪ.

ಶಿಕಾಗೋ ಹೊನ್ನಾವರ

ಭಟ್ಟಿ ಮನೆಯವರೇ, ಮನೆಯಲ್ಲಿ ಮಾಡಲು ಅಳತೆ ಕೊಡುತ್ತೀರಾ? ಇಲ್ಲಿ ಓವನ್ ಇದೆ, ಕಾಯಿ ಫ್ರೀಜರಿನಲ್ಲಿ ಸಿಗುತ್ತದೆ.

ಭಟ್ಟಿ ಮನೆ

ಆ ಬೇಕರಿಯ ಅಳತೆ ನನ್ನದಲ್ಲ. ನಮ್ಮ ಮನೆಯದ್ದು ಕೊಡುತ್ತೇನೆ. ನೂರು ಗ್ರಾಂ ಮೈದಾ, ನೂರು ಗ್ರಾಂ ಸಕ್ಕರೆ, ಎಂಬತ್ತು ಗ್ರಾಂ ಬೆಣ್ಣೆ, ಎರಡು ಮೊಟ್ಟೆ. ಬೇಕಿಂಗ್ ಪೌಡರ್ ಮುಕ್ಕಾಲು ಚಮಚ. ಕಾಯಿತುರಿ ಒಂದು ಹಿಡಿ, ಹಿಂಡಬೇಡಿ. ಹಾಲು ಬೇಕಾದರೆ ಮಾತ್ರ, ಎರಡು ಚಮಚ.

ಮುಖ್ಯ ಕೆಲಸ ಬೆಣ್ಣೆ, ಸಕ್ಕರೆ ತಿಕ್ಕುವುದು. ನಮ್ಮಲ್ಲಿ ದೊಡ್ಡ ಪಾತ್ರೆಯಲ್ಲಿ ಅಂಗೈಯಿಂದ ತಿಕ್ಕುತ್ತಿದ್ದರು. ಮೊದಲು ಹರಳು ಚುಚ್ಚುತ್ತದೆ. ತಿಕ್ಕುತ್ತಾ ಹೋದಂತೆ ಕೈಗೆ ಹರಳು ಹತ್ತುವುದಿಲ್ಲ, ಬಣ್ಣ ಬೆಳ್ಳಗಾಗುತ್ತದೆ. ಆಗ ಮೊಟ್ಟೆ ಒಂದೊಂದಾಗಿ. ಗಡಿಬಿಡಿಯಲ್ಲಿ ಎರಡೂ ಒಟ್ಟಿಗೆ ಒಡೆದು ಹಾಕಿದರೆ ಒಡೆದ ಹಾಲಿನ ಹಾಗೆ ಆಗುತ್ತದೆ. ಮೈದಾ ಹಾಕಿದ ಮೇಲೆ ಜಾಸ್ತಿ ಕಲಸಬೇಡಿ, ಕೇಕ್ ರಬ್ಬರ್ ಆಗುತ್ತದೆ. ಕಪ್ಪಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿ. 180 ಡಿಗ್ರಿ, ಇಪ್ಪತ್ತು ನಿಮಿಷ. ಗೋಡಂಬಿಯನ್ನು ಒಳಗೆ ಇಡುವ ಮೊದಲೇ ಮೇಲೆ ಒತ್ತಿ, ಆದರೆ ಹಗುರಕ್ಕೆ. ಜೋರಾಗಿ ಒತ್ತಿದರೆ ಮುಳುಗುತ್ತದೆ.

ಹೊಗೆ ವಾಸನೆ ಬರುವುದಿಲ್ಲ. ಅದಕ್ಕೆ ನನ್ನ ಬಳಿ ಉಪಾಯ ಇಲ್ಲ.

ಅಂಕೋಲೆಯವ

ಕಾಗದಕ್ಕೆ ಅಂಟಬೇಕಾದರೆ ಈಗಿನ ನುಣುಪು ಕಪ್ ಬೇಡ. ಅದರಲ್ಲಿ ಸಲೀಸಾಗಿ ಬಿಟ್ಟುಕೊಳ್ಳುತ್ತದೆ, ಹಲ್ಲಿಗೆ ಕೆಲಸವೇ ಇಲ್ಲ.

ಕೋಡಿಬಾಗದವಳು

ಇವತ್ತು ಬೆಳಿಗ್ಗೆ ಬೇಕರಿಗೆ ಹೋಗಿ ಮಾತಾಡಿದೆ. ಭಟ್ಟಿ ಮನೆಯವರು ಬರೆದದ್ದನ್ನು ಯಜಮಾನರಿಗೆ ಓದಿ ಹೇಳಿದೆ. ಚಿಟಿಕೆ ಮೈದಾ ಎಸೆಯುವ ಜಾಗಕ್ಕೆ ಬಂದಾಗ ನಕ್ಕರು. "ಇದು ಯಾರ ಮಗ?" ಅಂದರು. ಕೈ ಚಾಚಿ ಎಣಿಸುವ ಗುಟ್ಟು ಇವರಿಗೂ ಇದೆಯಂತೆ, ನನಗೂ ಹೇಳಲಿಲ್ಲ.

ಅವರು ಹೇಳಿದ್ದು ಹೀಗೆ. ಮಗ ಗೋವಾದಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ, ಬರುವುದಿಲ್ಲ, ಅದರಲ್ಲಿ ಬೇಸರವೂ ಇಲ್ಲ. ಭಟ್ಟಿ ಕೆಲಸದ ಹುಡುಗರು ನಿಲ್ಲುವುದಿಲ್ಲ. ಪಾವ್ ಈಗ ವಾರದಲ್ಲಿ ಕೆಲವು ದಿನ ಮಾತ್ರ ದೊಡ್ಡ ಪ್ರಮಾಣದಲ್ಲಿ ಆಗುತ್ತದೆ, ಅದೂ ಹೋಟೆಲಿನವರು ಹೇಳಿದರೆ. ಶನಿವಾರ ರಾತ್ರಿ ಭಟ್ಟಿ ಪೂರ್ತಿ ಉರಿಯುತ್ತದೆ, ಯಾಕೆಂದರೆ ಭಾನುವಾರ ಚರ್ಚಿನಿಂದ ಬರುವವರು ಪಾವ್ ಒಯ್ಯುತ್ತಾರೆ. ಆ ಒಂದು ದಿನ ಕೇಕ್ ಹಾಕಬಹುದು, ಆದರೆ ಮೊದಲೇ ಹೇಳಬೇಕು. ಗುರುವಾರದೊಳಗೆ. ಬರಣಿಯಲ್ಲಿ ಇಟ್ಟು ಕಾಯಲು ಅವರು ತಯಾರಿಲ್ಲ. "ಉಳಿದದ್ದನ್ನು ನಾನೇ ತಿಂದು ಸಕ್ಕರೆ ಕಾಯಿಲೆ ಬಂತು" ಅಂದರು. ತಮಾಷೆಯಾ ನಿಜವಾ ತಿಳಿಯಲಿಲ್ಲ.

ಬೆಲೆ ಒಂದಕ್ಕೆ ಹದಿನೆಂಟು ರೂಪಾಯಿ. ಕಡಿಮೆ ಅಂದರೆ ನೂರು ಕೇಕಿನ ಬೇಡಿಕೆ ಇರಬೇಕು, ಇಲ್ಲದಿದ್ದರೆ ಹಿಟ್ಟು ಕಲಸುವುದಿಲ್ಲ. ಇನ್ನೊಂದು ಮಾತು, ಕೇಕ್ ಒಯ್ಯುವವರು ಪಾವನ್ನೂ ಒಯ್ಯಬೇಕಂತೆ. ಇದು ಕಡ್ಡಾಯ.

ಅಂಕೋಲೆಯವ

ಹದಿನೆಂಟಾ?

ಭಟ್ಟಿ ಮನೆ

ನಾನು ಮೊದಲೇ ಹೇಳಿದ್ದೆ.

ಅಂಕೋಲೆಯವ

ಸರಿ ಸರಿ. ನನಗೆ ಹತ್ತು. ಪಾವ್ ಎರಡು ಡಜನ್. ನಾನೇ ಬಂದು ಒಯ್ಯುತ್ತೇನೆ.

ಸದಾಶಿವಗಡ ಸಂಜೆ

ನನಗೆ ಆರು ಸಾಕು, ಸಕ್ಕರೆ ಇದೆ. ಪಾವ್ ಒಂದು ಡಜನ್. ಪಕ್ಕದ ಮನೆಯವರೂ ಆರು ಹೇಳಿದ್ದಾರೆ.

ಲೇಬಲ್ ಓದುವವಳು

ಹನ್ನೆರಡು. ಯಾವ ಕೊಬ್ಬು ಹಾಕುತ್ತಾರೆ ಅಂತ ಕೇಳಿ ಹೇಳುತ್ತೀರಾ ಅಕ್ಕ?

ಕೋಡಿಬಾಗದವಳು

ಕೇಳಿದರೆ ಹನ್ನೆರಡೂ ಸಿಗಲಿಕ್ಕಿಲ್ಲ ತಂಗಿ. ನೀವು ಬಂದಾಗ ನೀವೇ ಕೇಳಿ.

ಶಿರಸಿ ಮಾಣಿ

ನಾನು ಬೆಂಗಳೂರಿನಲ್ಲಿ ಇದ್ದೇನೆ. ಇಪ್ಪತ್ತು ಬೇಕು, ಹತ್ತು ಶಿರಸಿ ಮನೆಗೆ, ಹತ್ತು ನನಗೆ. ಪಾವ್ ಕಡ್ಡಾಯ ಅಂದರೆ ಅದನ್ನು ಕಾರವಾರದಲ್ಲೇ ಯಾರಿಗಾದರೂ ಕೊಟ್ಟುಬಿಡಿ, ದುಡ್ಡು ನಾನು ಹಾಕುತ್ತೇನೆ. ಶಿರಸಿಗೆ ಭಾನುವಾರ ಬೆಳಗಿನ ಬಸ್ಸಿಗೆ ಪಾರ್ಸೆಲ್ ಹಾಕಲು ಆಗುತ್ತದಾ? ಸೋಮವಾರದ ಮೇಲೆ ಹೋದರೆ ಕಾಯಿ ಹಳಸುತ್ತದೆ ಅಂತ ಮೇಲೆ ಓದಿದೆ.

ಕೋಡಿಬಾಗದವಳು

ಆಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ನಾನೇ ಹಾಕುತ್ತೇನೆ. ಬೆಂಗಳೂರಿನ ಹತ್ತಕ್ಕೆ ಬೇರೆ ದಾರಿ ನೋಡಿಕೊಳ್ಳಿ. ಕಾರವಾರ ಬೆಂಗಳೂರು ರೈಲಿಗೆ ಬರುವವರು ಯಾರಾದರೂ ಇದ್ದರೆ ಇಲ್ಲೇ ಹೇಳಿ.

ಈಗ ಐವತ್ತನಾಲ್ಕು ಆಯಿತು. ಗುರುವಾರ ಸಂಜೆ ಏಳರೊಳಗೆ ಇನ್ನೂ ನಲವತ್ತಾರು ಬೇಕು. ಶಿಕಾಗೋದವರು ಲೈಕ್ ಒತ್ತುವುದು ಬಿಟ್ಟು ಊರಿನ ತಮ್ಮನಿಗೆ ಫೋನ್ ಮಾಡಿ.

ಶಿಕಾಗೋ ಹೊನ್ನಾವರ

ಮಾಡಿದೆ. ತಮ್ಮ ಮೂವತ್ತು ಅಂದ. ಪಾವ್ ಎಷ್ಟು ಒಯ್ಯಬೇಕು ಅಂತ ಕೇಳುತ್ತಿದ್ದಾನೆ.